ಪ್ರತಿ ಕಂತಿನ ಕೊನೆಗೆ ದೊಡವಾಡ

ಅವಳು ಬರೆಯುತ್ತಿದ್ದುದಕ್ಕೆ ಫ್ಯಾನ್ ಫಿಕ್ಷನ್ ಎಂಬ ಹೆಸರಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮ ಪಾಲಿಗೆ ಅದು ಬರೀ ‘ಮುಂದಿನ ಕಥೆ’. ಎರಡು ಸಾವಿರದ ಇಸವಿಯ ಆಸುಪಾಸು, ಬೈಲಹೊಂಗಲದಲ್ಲಿ ಇಬ್ಬರೂ ಪಿಯುಸಿ ಓದುತ್ತಿದ್ದೆವು. ಟಿವಿಯ ಒಂದು ಧಾರಾವಾಹಿಯಲ್ಲಿ ನಾಯಕಿಯನ್ನು ಅಪಘಾತದಲ್ಲಿ ಸಾಯಿಸಿ ಕೈತೊಳೆದುಕೊಂಡಿದ್ದರು. ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ದೊಡವಾಡದಿಂದ ಬಸ್ಸಿನಲ್ಲಿ ಬರುತ್ತಿದ್ದ ನನ್ನ ಗೆಳತಿ ಅತ್ತುಕೊಂಡು ಕೂರಲಿಲ್ಲ. ಇನ್ನೂರು ಪುಟದ ನೋಟ್‌ಬುಕ್ ತಂದು, ಸತ್ತವಳನ್ನು ಆಸ್ಪತ್ರೆಯ ಮಂಚದಿಂದ ಎಬ್ಬಿಸಿ ನಡೆಸಿಯೇ ಬಿಟ್ಟಳು.

ಆ ಧೈರ್ಯ ಕೊಟ್ಟದ್ದು ಎರಡು ಕ್ಯಾಸೆಟ್. ಅವಳ ತಂದೆ, ಅವಳ ಮಾತಿನಲ್ಲಿ ಅಬ್ಬಾ, ಗೋವಾಕ್ಕೆ ಲಾರಿ ಓಡಿಸುತ್ತಿದ್ದರು. ಅಲ್ಲಿಯ ಅಂಗಡಿಯವನೊಬ್ಬ ಕೊಟ್ಟದ್ದಂತೆ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಒಂದರಲ್ಲಿ ಅಮೆರಿಕದ ಗಾಯಕಿಯೊಬ್ಬಳು ಎದೆ ಬಿಚ್ಚಿ ಹಾಡಿದ, ‘ಸೋಲ್’ ಎನ್ನುವ ಬಗೆಯ ಹಾಡುಗಳು, ಇನ್ನೊಂದರಲ್ಲಿ ತಾಳಕ್ಕೆ ಸರಿಯಾಗಿ ಪಟಪಟ ಮಾತು ಪೋಣಿಸುವ ಹಿಪ್ ಹಾಪ್. ಇಂಗ್ಲಿಷಿನಲ್ಲಿ ನಾವಿಬ್ಬರೂ ಪಾಸಾದರೆ ಸಾಕು ಎನ್ನುವವರು. ಆದರೆ ಅವಳು ಕೇಳುವ ರೀತಿಯೇ ಬೇರೆ. ಆ ಗಾಯಕಿ ಒಂದೇ ಮಾತನ್ನು ಮೂರು ಸಲ ಹೇಳುತ್ತಿದ್ದಳು: ಮೊದಲು ಬೇಡಿಕೊಳ್ಳುತ್ತ, ಆಮೇಲೆ ಸಿಟ್ಟಿನಿಂದ, ಕೊನೆಗೆ ತನಗೆ ತಾನೇ. ನನ್ನ ಗೆಳತಿ ಟೇಪನ್ನು ಹಿಂದಕ್ಕೆ ಓಡಿಸಿ ಓಡಿಸಿ ಅದನ್ನೇ ಕೇಳಿದಳು. ನಂತರ ತನ್ನ ನಾಯಕಿಯ ಬಾಯಲ್ಲಿ ‘ನಾನು ಆ ಮನೆಗೆ ಬರುವುದಿಲ್ಲ’ ಎಂಬ ಮಾತನ್ನು ಹಾಗೆಯೇ ಮೂರು ಸಲ ಹೇಳಿಸಿದಳು. ಆ ಪುಟವನ್ನು ನಾನು ಮತ್ತೆ ಮತ್ತೆ ಓದಿದೆ. ಕ್ಲಾಸಿನಲ್ಲಿ ಚಂದ ಬರೆಯುವವಳು ನಾನೇ ಎಂಬ ಜಂಬ ಅವತ್ತೇ ಇಳಿಯಿತು.

ಜಗಳದ ಪ್ರಸಂಗಗಳಿಗೆ ಹಿಪ್ ಹಾಪ್. “ಇದು ನಮ್ಮ ರಿವಾಯತ ಪದಾನ ಐತಿ ನೋಡ,” ಎಂದಿದ್ದಳು. ಅವಳ ತಂದೆ ಮೊಹರಮ್ಮಿನಲ್ಲಿ ರಿವಾಯತ ಹಾಡುವವರು. ಒಂದು ಮೇಳದವರು ಹಾಡಿನಲ್ಲೇ ಸವಾಲು ಹಾಕುತ್ತಾರೆ, ಇನ್ನೊಂದು ಮೇಳದವರು ಹಾಡಿನಲ್ಲೇ ಜವಾಬು ಕೊಡಬೇಕು. ಪದದ ಕೊನೆಗೆ ತಮ್ಮ ಊರಿನ ಹೆಸರು, ಕಲಿಸಿದ ಉಸ್ತಾದರ ಹೆಸರು ಹೇಳಿ ಮುಗಿಸುವುದು ರೂಢಿ.

“ಈ ಕ್ಯಾಸೆಟ್ಟಿನ ಮಂದೀನೂ ಹಂಗ,” ಎಂದಳು. “ಜಗಳಾಡಿಕೋತನ ತಮ್ಮ ಊರ ಹೆಸರ ಹೇಳತಾರ. ಅಂಜೂದಿಲ್ಲ.”

ಅಂದಿನಿಂದ ಅವಳ ಪ್ರತಿ ಕಂತಿನ ಕೊನೆಗೂ ಎರಡು ಸಾಲಿನ ಪದ, ಪದದೊಳಗೆ ದೊಡವಾಡ. ತನ್ನ ಹೆಸರು ಮಾತ್ರ ಎಲ್ಲೂ ಬರೆಯುತ್ತಿರಲಿಲ್ಲ. ಮನೆಯಲ್ಲಿ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆ. ಹೆಸರು ಮುಚ್ಚಿಟ್ಟು ಊರು ಬರೆಯುವ ಇಂಥ ಜಾಣೆಯನ್ನು ನಾನು ಮತ್ತೆ ಕಂಡಿಲ್ಲ. ನನಗಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ನೋಟ್‌ಬುಕ್ ಸಿಕ್ಕಿಬಿದ್ದದ್ದು ನನ್ನಿಂದ. ಓದಲು ಇಸಿದುಕೊಂಡಿದ್ದನ್ನು ಗಡಿಬಿಡಿಯಲ್ಲಿ ಅರ್ಥಶಾಸ್ತ್ರದ ನೋಟ್ಸಿನ ಗಂಟಿಗೆ ಸೇರಿಸಿ ಮೇಡಂ ಮೇಜಿನ ಮೇಲಿಟ್ಟು ಬಂದೆ. ಅದರಲ್ಲಿ ನಾಯಕಿ ಗಂಡನ ಮನೆ ಬಿಟ್ಟು ಲಾರಿ ಓಡಿಸಲು ಕಲಿಯುತ್ತಾಳೆ. ನಡುವೆ ಒಂದು ಮುತ್ತೂ ಇತ್ತು. ಮರುದಿನ ಮೇಡಂ ಯಾರು ಬರೆದದ್ದು ಎಂದು ಕೇಳಲೇ ಇಲ್ಲ. “ದೊಡವಾಡದಿಂದ ಬರಾಕಿ ಯಾರ?” ಎಂದರು. ಆ ಊರಿನಿಂದ ಬರುತ್ತಿದ್ದವಳು ಇವಳೊಬ್ಬಳೇ. ಎದ್ದು ನಿಂತು, “ನಾನ ರೀ,” ಎಂದಳು. ಪಕ್ಕದಲ್ಲೇ ಕುಳಿತಿದ್ದ ನನಗೆ, ಅದನ್ನು ಅಲ್ಲಿಟ್ಟದ್ದು ನಾನು ಎನ್ನಲು ಬಾಯಿ ಬರಲಿಲ್ಲ. ಇವತ್ತಿಗೂ ಆ ನಾಚಿಕೆ ಇದೆ.

ಮೂರನೆಯ ದಿನ ಅವಳ ತಂದೆ ಬಂದರು. ಸ್ಟಾಫ್ ರೂಮಿನ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದೆವು. ಅವಳು ಅದಾಗಲೇ ಬಸ್ ಪಾಸನ್ನು ನನಗೆ ತೋರಿಸಿ, “ಇದ ಕಡೀದು,” ಎಂದಿದ್ದಳು.

“ನಿಮ್ಮ ಮಗಳು ಏನ ಬರದಾಳ, ನೀವ ಓದ್ರಿ,” ಎಂದು ಮೇಡಂ ನೋಟ್‌ಬುಕ್ ಮುಂದೆ ಸರಿಸಿದರು.

ಅವರು ತುಟಿ ಆಡಿಸುತ್ತ ನಿಧಾನವಾಗಿ ಓದಿದರು. ಒಂದು ಕಡೆ ಬೆರಳಿಟ್ಟು ಮಗಳ ಕಡೆ ನೋಡಿದರು. “ಘಾಟಿನ್ಯಾಗ ಇಳಿಯೂ ಮುಂದ ಗಾಡಿ ನ್ಯೂಟ್ರಲ್ ಮಾಡಬಾರದು. ಹಿಂಗ ಬರದರ ಆಕಿ ಮತ್ತ ಸಾಯತಾಳ.”

ಯಾರೂ ನಗಲಿಲ್ಲ. ಕೊನೆಯ ಎರಡು ಸಾಲಿಗೆ ಬಂದಾಗ ಅವರ ಬೆರಳು ಪುಟದ ಮೇಲೆ ತಾಳ ಹಾಕಿತು. ತಮಗೇ ಗೊತ್ತಿಲ್ಲದೆ ಗುನುಗಿದರು. ರಿವಾಯತದ ಧಾಟಿಗೆ ಆ ಸಾಲು ಸರಿಯಾಗಿ ಕೂತಿತು.

“ಊರ ಹೆಸರ ಹಾಕೀದಿ,” ಎಂದರು. “ಉಸ್ತಾದನ ಹೆಸರ ಎಲ್ಲಿ?”

ಅವಳು ತಲೆ ತಗ್ಗಿಸಿದಳು. “ಕ್ಯಾಸೆಟ್ಟಿನ್ಯಾಗ ಹಾಡತಾಳಲ್ಲ, ಆಕಿ ಹೆಸರ ನನಗ ಗೊತ್ತಿಲ್ಲ, ಅಬ್ಬಾ.”

ಅಷ್ಟು ಹೊತ್ತು ಬಿಗಿಯಾಗಿದ್ದ ಅವರ ಮುಖ ಸಡಿಲಾಯಿತು. ತಮ್ಮ ಹೆಸರು ಹೇಳುತ್ತಾಳೆ ಎಂದುಕೊಂಡಿದ್ದರೋ ಏನೋ; ಆದರೂ ಆ ಕ್ಯಾಸೆಟ್ ತಂದುಕೊಟ್ಟವರು ತಾವೇ ಅಲ್ಲವೇ.

“ಗೋವಾಕ್ಕ ಹ್ವಾದಾಗ ಕೇಳಿಕೊಂಡ ಬರತೇನಿ. ಅಲ್ಲೀತನಕ ನಿನ್ನ ಹೆಸರಾದ್ರೂ ಬರಿ. ಹೆಸರಿಲ್ಲದ ಪದಾ ಯಾರದೂ ಅಲ್ಲ.” ಆಮೇಲೆ ಮೇಡಂ ಕಡೆ ತಿರುಗಿ ಕೈಮುಗಿದರು. “ಆ ಮುತ್ತಿನ ಸುದ್ದಿ ಮನ್ಯಾಗ ಆಕಿ ಅವ್ವ ಮಾತಾಡತಾಳ್ರಿ. ನಾಳಿ ಬಸ್ಸಿಗಿ ಕಾಲೇಜಿಗಿ ಬರತಾಳ.”

ಮೇಡಂ ತಮ್ಮ ಕೆಂಪು ಪೆನ್ನು ಮುಂದೆ ಹಿಡಿದರು. ಅವಳು ಒಳಗೆ ಹೋಗಿ ದೊಡವಾಡದ ಕೆಳಗೆ ತನ್ನ ಹೆಸರು ಬರೆದಳು, ಅಕ್ಷರ ಸ್ವಲ್ಪ ದೊಡ್ಡದಾಗಿಯೇ. ಆಗ ನಾನು, ಮೂರು ದಿನ ತಡವಾಗಿ ಒಳಗೆ ಹೋಗಿ, ನೋಟ್‌ಬುಕ್ ಮೇಜಿನ ಮೇಲಿಟ್ಟದ್ದು ನಾನು ಎಂದು ಹೇಳಿ ನನ್ನ ಹೆಸರನ್ನೂ ಹೇಳಿದೆ.