ಅಕ್ಕನ ಹನ್ನೊಂದು ಸೆಕೆಂಡ್

ಹೆಂಡತಿಯ ಸೆರಗಿನ ಪಿನ್ನು ಇಸಿದುಕೊಂಡು ಫೋನಿನ ಸುತ್ತ ಚುಚ್ಚಿ ನೋಡಿದೆ. ಸಿಮ್ ಹಾಕುವ ತಟ್ಟೆ ಹೊರಬಂತು, ಅಷ್ಟೇ. ಮೆಮೊರಿ ಕಾರ್ಡ್ ಹಾಕುವ ಜಾಗ ಎಲ್ಲೂ ಸಿಗಲಿಲ್ಲ.

ಎರಡು ವರ್ಷದ ಹಿಂದೆ ಕೊಂಡ ಫೋನು. ಕೊಳ್ಳುವಾಗ ಕ್ಯಾಮೆರಾ ಕೇಳಿದೆ, ಬ್ಯಾಟರಿ ಕೇಳಿದೆ, ಬಣ್ಣ ಕೂಡ ಕೇಳಿದೆ. ಕಾರ್ಡಿಗೆ ಜಾಗ ಇದೆಯಾ ಎಂದು ಕೇಳಲಿಲ್ಲ. (ನೀವು ಕೇಳಿದ್ದಿರಾ?)

ಅವಸರ ಯಾಕೆಂದರೆ, ಅಕ್ಕನ ತಲೆಯ ಸ್ಕ್ಯಾನ್ ಬರುವುದಿತ್ತು. ಬಾಗಲವಾಡದ ಶಾಲೆಯಲ್ಲಿ ಬಿಸಿಯೂಟ ಮಾಡುವ ನನ್ನ ಅಕ್ಕನಿಗೆ ಒಲೆಯ ಮುಂದೆಯೇ ಲಕ್ವಾ ಹೊಡೆದಿತ್ತು. ಬಲಗೈ ಹೋಯಿತು, ಮಾತೂ ಹೋಯಿತು. ದೇವದುರ್ಗದಲ್ಲಿ ನರ್ಸ್ ಆಗಿರುವ ಅವಳ ಮಗಳು ಸುಜಾತಾ ತನ್ನ ಮನೆಗೆ ಕರೆದೊಯ್ದು ನೋಡಿಕೊಳ್ಳುತ್ತಿದ್ದಾಳೆ. ನಾನಿರುವ ರಾಯಚೂರಿನ ಡಾಕ್ಟರಿಗೆ ತೋರಿಸಲೆಂದು ಅವಳು ಸ್ಕ್ಯಾನ್, ರಿಪೋರ್ಟು ಎಲ್ಲ ಕಳಿಸಿದರೆ ನನ್ನ ಫೋನು 'ಸ್ಟೋರೇಜ್ ಫುಲ್' ಎಂದು ಕೂತುಬಿಟ್ಟಿತು.

ಏನಿತ್ತು ಆ ಫೋನಿನಲ್ಲಿ? ಗುಡ್ ಮಾರ್ನಿಂಗ್ ಗುಲಾಬಿಗಳು. ಯಾರದೋ ಮದುವೆಯ ವಿಡಿಯೊ. ಓದದೇ ಬಿಟ್ಟ ಪಿಡಿಎಫ್‌ಗಳು. ಇವುಗಳ ನಡುವೆ ಎಲ್ಲೋ ಅಕ್ಕನ ವಾಯ್ಸ್ ಮೆಸೇಜುಗಳು.

ಅಕ್ಕನಿಗೆ ಓದಲು ಬರೆಯಲು ಬರುವುದಿಲ್ಲ. ಅವಳು ಭತ್ತದ ನಾಟಿಗೆ ಕೂಲಿ ಹೋಗಿದ್ದಕ್ಕೇ ನಾನು ಶಾಲೆಗೆ ಹೋಗಿದ್ದು, ಮೇಷ್ಟ್ರಾಗಿದ್ದು. ಹಾಗಾಗಿ ಅವಳದ್ದೆಲ್ಲ ಬಾಯಿಮಾತು. ಮೈಕಿನ ಗುರುತು ಒತ್ತಿ ಹಿಡಿದು ಶುರು ಮಾಡುತ್ತಿದ್ದಳು. "ತಮ್ಮಾ, ಉಂಡಿ ಏನು? ಇವತ್ತ ಬ್ಯಾಳಿ ತೆಳ್ಳಗಾತು ನೋಡು." ಹಿಂದೆ ಪಾತ್ರೆಗಳ ಸದ್ದು, ಹುಡುಗರ ಗದ್ದಲ. ಎರಡು ನಿಮಿಷ, ಮೂರು ನಿಮಿಷ. ನಾನು ಸ್ವಲ್ಪ ಕೇಳಿ, ಉಳಿದದ್ದು ಆಮೇಲೆ ಎಂದು ಬಿಡುತ್ತಿದ್ದೆ. ಕೆಲವನ್ನು ತೆರೆದೇ ಇರಲಿಲ್ಲ.

ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯ ಖಾಜಾ ಸಾಬರು ಫೋನು ತಿರುಗಿಸಿ ನೋಡಿ, ಇದಕ್ಕೆ ಕಾರ್ಡ್ ಹಾಕಲು ಬರುವುದಿಲ್ಲ, ಕಂಪನಿಯವರು ಆ ಜಾಗವನ್ನೇ ತೆಗೆದಿದ್ದಾರೆ ಎಂದರು. ಉಳಿದದ್ದು ಎರಡು ದಾರಿಯಂತೆ. ಒಂದು, ತಿಂಗಳಿಗಿಷ್ಟು ಬಾಡಿಗೆ ಕಟ್ಟಿ ಕ್ಲೌಡಿನಲ್ಲಿ ಇಡುವುದು. ಇನ್ನೊಂದು, ಚಾರ್ಜರ್ ಚುಚ್ಚುವ ತೂತಿಗೆ ಕೂರುವ ಪೆನ್‌ಡ್ರೈವ್. ಮನೆ ಬಾಡಿಗೆ ಸಾಲದೆಂದು ಫೋಟೊಕ್ಕೂ ಬಾಡಿಗೆಯೇ? ಪೆನ್‌ಡ್ರೈವ್ ಕೊಡಿ ಎಂದೆ.

"ಹಾಕಿದ ಮ್ಯಾಲ ಒಂದೊಂದ ತೆಗದು ನೋಡ್ರಿ ಸರ್," ಎಂದರು ಸಾಬರು. "ಆಮ್ಯಾಲ ಫೋನಿನ್ಯಾಗಿಂದು ಡಿಲೀಟ್ ಮಾಡ್ರಿ."

ಹೂಂ ಎಂದೆ. ಮೂವತ್ತು ವರ್ಷ ಪಾಠ ಹೇಳಿದವನಿಗೆ ಇವರೇನು ಪಾಠ ಹೇಳುವುದು?

ಮನೆಗೆ ಬಂದು ಕೂತೆ. ವಾಟ್ಸಾಪ್ ಒಳಗೆ 'ಆಡಿಯೊ' ಎಂಬ ಫೋಲ್ಡರ್ ಕಂಡಿತು. ದನಿ ಎಂದರೆ ಆಡಿಯೊ ತಾನೇ? ಮೊದಲು ಅದನ್ನೇ ಕಾಪಿ ಮಾಡಿದೆ. ಅಕ್ಕ ಭದ್ರವಾದಳು ಎಂದು ನೆಮ್ಮದಿಯಾಯಿತು. ಆಮೇಲೆ ಫೋನಿನೊಳಗಿದ್ದ ವಾಟ್ಸಾಪ್ ಫೋಲ್ಡರುಗಳನ್ನೆಲ್ಲ ಅಳಿಸಿದೆ. ಅಳಿಸಿದ್ದು ಕಸದಬುಟ್ಟಿಯಲ್ಲಿ ಉಳಿದು ಜಾಗ ತಿನ್ನುತ್ತದೆಂದು ಅದನ್ನೂ ಖಾಲಿ ಮಾಡಿದೆ. ಸ್ಕ್ಯಾನ್ ಬಂತು. ಡಾಕ್ಟರು ನೋಡಿದರು. ಮಾತು ಮರಳಬಹುದು, ಮರಳದೆಯೂ ಇರಬಹುದು; ಪರಿಚಯದ ದನಿಗಳನ್ನು ಕೇಳಿಸುತ್ತಿರಿ ಎಂದರು.

ಫೋನ್ ಮಾಡಿ ಇದನ್ನು ಹೇಳಿದ ಕೂಡಲೇ ಸುಜಾತಾಗೆ ಹೊಳೆಯಿತು. "ಅವ್ವನ ದನೀನ ಅವ್ವಗ ಕೇಳಸೂಣು ಮಾಮಾ. ನಿನಗ ಕಳಿಸಿದ್ದು ಅದಾವಲ್ಲ?" ಅಕ್ಕನ ಫೋನು ಅವಳು ಬಿದ್ದಾಗ ಸಾರಿನ ಪಾತ್ರೆಯಲ್ಲಿ ಮುಳುಗಿತ್ತು, ಮಾನ್ವಿಯ ರಿಪೇರಿಯವನು ಆಗುವುದಿಲ್ಲ ಎಂದು ಕೈಚೆಲ್ಲಿದ್ದ. ಈಗಿರುವುದು ಹೊಸದು. ಎಲ್ಲ ನನ್ನ ಹತ್ತಿರ ಭದ್ರವಾಗಿದೆ ಎಂದು ದೊಡ್ಡದಾಗಿ ಹೇಳಿದೆ. ಅವಳು ನಕ್ಕಳು. "ಕಡೀಕ 'ಆತು ತಮ್ಮಾ, ಇಡ್ತೀನಿ' ಅಂತಿದ್ಲಲ್ಲ, ಫೋನ್ ಹಚ್ಚಿದೋರಂಗ."

ನನಗೆ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಕೇಳಿರಲೇ ಇಲ್ಲ.

ಕಳೆದ ಭಾನುವಾರ ದೇವದುರ್ಗಕ್ಕೆ ಹೋದೆ. ಸುಜಾತಾ ಅಕ್ಕನ ತಲೆ ಬಾಚಿ, ಗೋಡೆಗೆ ಒರಗಿಸಿ ಕೂರಿಸಿದ್ದಳು. ಏನೋ ಕೇಳಿಸುತ್ತಾರೆಂದು ಅಕ್ಕನಿಗೆ ತಿಳಿದಿತ್ತು. ನನ್ನ ಕೈಯನ್ನೇ ನೋಡುತ್ತಿದ್ದಳು. ಪೆನ್‌ಡ್ರೈವ್ ಚುಚ್ಚಿದೆ. ಮೊದಲನೆಯದು ಡಿಜೆ ಹಾಡು. ಎರಡನೆಯದು ಯಾರದೋ ಭಾಷಣ. ಮೂರನೆಯದು ಮಗು ನಗುವ ರಿಂಗ್‌ಟೋನ್. ಒಂದೊಂದಾಗಿ ಒತ್ತುತ್ತಾ ಹೋದೆ. ಎಲ್ಲವೂ ಯಾರ್ಯಾರೋ ಫಾರ್ವರ್ಡ್ ಮಾಡಿದ್ದು. ವಾಯ್ಸ್ ಮೆಸೇಜಿಗೆ ಬೇರೆಯದೇ ಫೋಲ್ಡರ್ ಇರುತ್ತದಂತೆ. ಅದನ್ನು ನಾನು ಕಾಪಿ ಮಾಡಿರಲಿಲ್ಲ. ಅಳಿಸಿದ್ದೆ.

ಚಾಟ್ ತೆರೆದೆ. ಅಕ್ಕನ ಮೆಸೇಜುಗಳು ಸಾಲಾಗಿ ಇದ್ದವು, ತಾರೀಖು ಸಮೇತ. ಒತ್ತಿದರೆ ಇಂಗ್ಲಿಷಿನಲ್ಲಿ ಏನೋ ಬರುತ್ತಿತ್ತು. ಸುಜಾತಾ ಬಗ್ಗಿ ಓದಿದಳು.

"ಈ ಫೈಲ್ ಫೋನಿನ್ಯಾಗ ಇಲ್ಲಂತ ಮಾಮಾ. ಕಳಿಸಿದೋರಿಗೆ ಮತ್ತ ಕಳಸಾಕ ಹೇಳ್ರಿ ಅಂತದ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದೇನೆಂದು ಅವಳಿಗೆ ತಿಳಿಯಿತು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಅಕ್ಕ ಎಡಗೈ ಚಾಚಿ ದಿಂಬಿನ ಪಕ್ಕದ ತನ್ನ ಫೋನು ತೋರಿಸಿದಳು. ಸುಜಾತಾ ನನ್ನ ಹೆಸರು ತೆರೆದು ಕೊಟ್ಟಳು. ಅಕ್ಕ ಎಡ ಹೆಬ್ಬೆರಳಿನಿಂದ ಮೈಕಿನ ಗುರುತು ಒತ್ತಿ ಹಿಡಿದು ಬಾಯಿ ಹತ್ತಿರ ತಂದುಕೊಂಡಳು, ಎಂದಿನ ಹಾಗೆ. ತುಟಿ ಅಲುಗಿತು. ಹಣೆಯ ಮೇಲೆ ಬೆವರು ಬಂತು. ಬೆರಳು ಬಿಟ್ಟಳು. ನನ್ನ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು.

ಹನ್ನೊಂದು ಸೆಕೆಂಡ್. ಮಾತಿಲ್ಲ, ಉಸಿರಷ್ಟೇ. ಹಿಂದೆ ಫ್ಯಾನಿನ ಸದ್ದು.

ಅದನ್ನು ಫೋನಿನಲ್ಲಿ ಇಟ್ಟಿದ್ದೇನೆ. ಪೆನ್‌ಡ್ರೈವಿನಲ್ಲೂ ಇಟ್ಟಿದ್ದೇನೆ. ಬಾಡಿಗೆ ಕಟ್ಟಿ ಕ್ಲೌಡಿನಲ್ಲೂ ಇಟ್ಟಿದ್ದೇನೆ. ಸಾಬರು ಹೇಳಿದ ಹಾಗೆ ಮೂರು ಕಡೆಯೂ ತೆರೆದು ನೋಡಿದೆ, ಕೊನೆಯವರೆಗೂ ಕೇಳಿದೆ.

ಅಕ್ಕನ ಮೆಸೇಜನ್ನು ನಾನು ಕೊನೆಯವರೆಗೂ ಕೇಳಿದ್ದು ಅದೇ ಮೊದಲು.