ಗುರುವಾರ ತೂಗಿದ ಮದ್ದು

ನಮ್ಮ ಕಡೆ ಗಂಡಹೆಂಡಿರು ಜಗಳವಾಡಿದರೆ ಮಾತು ಬಿಡುತ್ತಾರೆ. ಹಾಸನದ ಮನೆಯಲ್ಲಿ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟ ದಿನಗಳಲ್ಲಿ, "ನೀರು ಕಾದಿದೆ ಅಂತ ಹೇಳ್ರೋ ನಿಮ್ಮಪ್ಪನಿಗೆ" ಎಂದು ನಮ್ಮಿಂದ ಹೇಳಿಸುತ್ತಿದ್ದಳು. ನಾವಿಲ್ಲದಿದ್ದರೆ ಗೋಡೆಗೆ ಹೇಳುತ್ತಿದ್ದಳು. ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಲಿವರ್‌ಮೋರ್‌ನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ನಾವಿಬ್ಬರೇ. ಸುದ್ದಿ ಮುಟ್ಟಿಸಲು ಮೂರನೆಯವರಿರಲಿಲ್ಲ.

ಅದು ಡಾಟ್‌ಕಾಂ ಭರಾಟೆಯ ಕಾಲ. ನನ್ನ ಗಂಡ ಸ್ಯಾನ್ ಮಟಿಯೋದ ಒಂದು ಸ್ಟಾರ್ಟಪ್ಪಿನಲ್ಲಿದ್ದರು. ಅವರ ಮ್ಯಾನೇಜರಿಗೆ ಭಾನುವಾರ ಬಂತೆಂದರೆ ಹಾರುವ ಮಣ್ಣಿನ ಬಿಲ್ಲೆಗಳಿಗೆ ಕೋವಿಯಿಂದ ಹೊಡೆಯುವ ಹುಚ್ಚು. ಮ್ಯಾನೇಜರ ಹುಚ್ಚು ಅಂದಮೇಲೆ ಎಲ್ಲರ ಹುಚ್ಚು. ಇವರೂ ಕೋವಿ ಕೊಂಡರು. ಆಮೇಲೆ, ಹೊಡೆದು ಖಾಲಿಯಾದ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುವ ಯಂತ್ರವೊಂದನ್ನು ತಂದು ಗ್ಯಾರೇಜಿನಲ್ಲಿ ಕೂರಿಸಿದರು. ಅದರಲ್ಲೊಂದು ಪುಟ್ಟ ಕುಳಿ. ಹಿಡಿ ಎಳೆದರೆ ಕುಳಿ ತುಂಬುವಷ್ಟು ಮದ್ದು ತೋಟಾದೊಳಗೆ ಬೀಳುತ್ತದೆ, ಆಮೇಲೆ ಸೀಸದ ಕಾಳು. ಯಂತ್ರದ ಜೊತೆ ಬಂದ ತಕ್ಕಡಿಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ.

ನನಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬೊಂದರಲ್ಲಿ ಔಷಧದ ಪುಡಿಗಳ ಸಾಂದ್ರತೆ ಅಳೆಯುವ ಕೆಲಸ. ಗಾಜಿನ ಕೊಳವೆಗೆ ಪುಡಿ ಹಾಕಿ, ಕುಟ್ಟಿ, ಎಷ್ಟು ಇಳಿಯಿತೆಂದು ನೋಡಿ, ತೂಕಕ್ಕೆ ಹೋಲಿಸಬೇಕು. ಒಂದು ಶನಿವಾರ ದೇವಸ್ಥಾನದ ಊಟದ ಸಾಲಿನಲ್ಲಿ ಮಂಡ್ಯದವರೊಬ್ಬರು ನನ್ನ ಕೆಲಸ ಏನೆಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಇವರು, "ಡಬ್ಬಿಗೆ ಪುಡಿ ಹಾಕಿ ಕುಟ್ತಾಳೆ. ಅದಕ್ಕೆ ಸ್ಯಾಲರಿ ಬೇರೆ ಕೊಡ್ತಾರೆ" ಅಂದರು. ಸಾಲಿಗೆ ಸಾಲೇ ನಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಅಲ್ಲಿಂದಲೇ ಮಾತು ಬಿಟ್ಟೆ.

ಮುಂದಿನ ಗುರುವಾರ ಡ್ರೈಯರಿನಿಂದ ಬಟ್ಟೆ ತೆಗೆಯಲು ಗ್ಯಾರೇಜಿಗೆ ಹೋದೆ. ಯಂತ್ರದ ಪಕ್ಕ ಹೊಸ ಮದ್ದಿನ ಡಬ್ಬಿಯಿತ್ತು. ಹಳೆಯ ಡಬ್ಬಿಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಹಳೆಯದು ಅವಲಕ್ಕಿಯ ಹಾಗೆ ಚಪ್ಪಟೆ, ಹೊಸದು ರಾಗಿಯ ಹಾಗೆ ದುಂಡಗೆ. ಕುಳಿ ಮಾತ್ರ ಅದೇ. ಒಂದು ಪಾವು ಅವಲಕ್ಕಿ, ಒಂದು ಪಾವು ರಾಗಿ ಒಂದೇ ತೂಕ ಬರುವುದಿಲ್ಲ ಎಂದು ತಿಳಿಯಲು ಲ್ಯಾಬೇನೂ ಬೇಕಿಲ್ಲ. ಆದರೂ ತಕ್ಕಡಿ ಹೊರತೆಗೆದು, ಎರಡನ್ನೂ ಅದೇ ಕುಳಿಯಲ್ಲಿ ಅಳೆದು ತೂಗಿದೆ. ಹೊಸದು ಹೆಚ್ಚುಕಡಿಮೆ ಒಂದೂವರೆ ಪಟ್ಟು ತೂಗಿತು. ಅಷ್ಟು ಮದ್ದಿನ ತೋಟಾ ಹೊಡೆದರೆ ಕೋವಿಯ ನಳಿಗೆ ಕೈಯಲ್ಲೇ ಸಿಡಿಯಬಹುದು. ಭಾನುವಾರಕ್ಕೆಂದು ಹೊಸ ಮದ್ದಿನಲ್ಲೇ ತುಂಬಿದ ಎರಡು ಪೆಟ್ಟಿಗೆ ತೋಟಾ ಅಲ್ಲೇ ಇದ್ದವು.

ಬಟ್ಟೆ ಒಳಗೆ ತಂದು ಮಡಿಸಿದೆ. ಹೇಳಬೇಕು ಅಂದುಕೊಂಡೆ. ಆದರೆ ಮೊದಲು ಮಾತಾಡಿದವರು ಸೋತ ಹಾಗೆ. ಭಾನುವಾರದೊಳಗೆ ಅವರೇ ಮಾತಾಡುತ್ತಾರೆ, ಆಗ ಹೇಳಿದರಾಯಿತು ಎನ್ನುತ್ತ ಶುಕ್ರವಾರ ಕಳೆದೆ. ಶನಿವಾರವೂ ಹಾಗೇ ಹೋಯಿತು. ಹಟದಲ್ಲಿ ಅವರೇನೂ ಕಡಿಮೆಯಿರಲಿಲ್ಲ.

ಭಾನುವಾರ ಬೆಳಿಗ್ಗೆ ಪೆಟ್ಟಿಗೆಗಳನ್ನು ಕಂಕುಳಲ್ಲಿ ಇರುಕಿಕೊಂಡು ಕಾರಿನ ಕೀ ಎತ್ತಿಕೊಂಡರು. ನಾನು ಫ್ರಿಜ್ಜಿನ ಕಡೆ ತಿರುಗಿ, ಫ್ರಿಜ್ಜಿಗೇ ಹೇಳಿದೆ: "ಹೊಸ ಮದ್ದನ್ನ ಹಳೇ ಅಳತೇಲಿ ತುಂಬಿದ್ದಾರೆ. ಒಂದೂವರೆ ಪಟ್ಟು ಬಿದ್ದಿದೆ. ಹೊಡೆದ್ರೆ ಕೈ ಹೋಗುತ್ತೆ."

ಅವರು ನಿಂತರು. ಆಮೇಲೆ ಗ್ಯಾರೇಜಿಗೆ ಹೋಗಿ ಒಂದು ತೋಟಾ ಕತ್ತರಿಸಿ ತೂಗಿದರು. ವಾಪಸ್ಸು ಬಂದಾಗ ಮುಖ ಬಿಳಿಚಿಕೊಂಡಿತ್ತು. ನನಗೆ ಗೆದ್ದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

"ಯಾವಾಗ ತೂಗಿದ್ದು ನೀನು?"

"ಗುರುವಾರ."

"ಗುರುವಾರದಿಂದ ಗೊತ್ತಿತ್ತಾ?"

ಅವರು ಇಡೀ ದಿನ ಗ್ಯಾರೇಜಿನಲ್ಲಿ ಕೂತು ಒಂದೊಂದೇ ತೋಟಾ ಬಿಚ್ಚಿದರು. ನಾನು ಪಕ್ಕದಲ್ಲಿ ಕೂತು ಸೀಸದ ಕಾಳು ಬೇರೆ ಮಾಡಿದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಯಂತ್ರವನ್ನು ಆಮೇಲೆ ಯಾರಿಗೋ ಕೊಟ್ಟರು. ನನ್ನ ಕೆಲಸದ ಬಗ್ಗೆ ಮತ್ತೆಂದೂ ತಮಾಷೆ ಮಾಡಲಿಲ್ಲ. ಆದರೆ ಅಂದಿನಿಂದ ಹೊರಗೆ ಹೊರಟಾಗಲೆಲ್ಲ ಬಾಗಿಲಲ್ಲಿ ನಿಂತು, "ಏನಾದ್ರೂ ಹೇಳೋದಿದೆಯಾ?" ಎಂದು ಕೇಳುತ್ತಾರೆ. ನಗುತ್ತಲೇ ಕೇಳುತ್ತಾರೆ. ನಾನು ಏನೂ ಇಲ್ಲ ಅನ್ನುವವರೆಗೆ ಹೊಸಲು ದಾಟುವುದಿಲ್ಲ.