ಪೆಲಿಕನ್ ಟೋಪಿಯ ನೀಲಿ

ಲಾಸ್ ಏಂಜಲಿಸ್‌ನ ಟ್ರಾಸ್ಕ್ ಕಾರ್ಟೂನ್ ಸ್ಟುಡಿಯೋದಲ್ಲಿ ಬಣ್ಣದ ಕೋಣೆಗೆ ಹೋಗುವ ದಾರಿಯ ಗೋಡೆಗೆ ಸಾಲಾಗಿ ಮರದ ಗೂಟಗಳಿದ್ದವು. ಕೆಲಸ ಕಾಯಂ ಆದ ಹೆಂಗಸಿಗೆ ಒಂದು ಗೂಟ, ಅದರ ಮೇಲೆ ಅವಳ ಹೆಸರು. ಅಲ್ಲಿಯತನಕ ಮೇಲಂಗಿಯನ್ನು ಕುರ್ಚಿಯ ಬೆನ್ನಿಗೇ ಹಾಕಿಕೊಳ್ಳಬೇಕು. ಮೊದಲನೆಯ ಗೂಟಕ್ಕೆ ಮಾತ್ರ ಹೆಸರಿರಲಿಲ್ಲ. ಬಣ್ಣ ಮೆತ್ತಿ ಗಟ್ಟಿಯಾದ ಹಳೆಯ ಅಂಗಿಯೊಂದು ಅಲ್ಲಿ ತೂಗುತ್ತಿತ್ತು. ಹೊಸಬರು ಅದನ್ನು ಕೈ ಒರೆಸುವ ಬಟ್ಟೆಯೆಂದೇ ತಿಳಿಯುತ್ತಿದ್ದರು.

ವರ್ನಾ ಲಿಂಡ್‌ಕ್ವಿಸ್ಟ್ ಅಲ್ಲಿ ಸೇರಿದ್ದು ೧೯೩೮ರಲ್ಲಿ, ತನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ. ಪಿಂಗಾಣಿ ತಟ್ಟೆಗಳಿಗೆ ಹೂ ಬರೆಯುತ್ತಿದ್ದವಳು, ಆ ಕಾರ್ಖಾನೆ ಮುಚ್ಚಿದ್ದರಿಂದ ಬಂದಿದ್ದಳು. ಮೂರು ತಿಂಗಳು ಪರೀಕ್ಷೆ. ಗೆದ್ದರೆ ಗೂಟ, ಇಲ್ಲದಿದ್ದರೆ ಮನೆ.

ಗಾಜಿನಂಥ ಹಾಳೆಯ ಮುಂಬದಿಗೆ ಶಾಯಿಯ ಗೆರೆ, ಹಿಂಬದಿಗೆ ಬಣ್ಣ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕ್ಯಾಮೆರಾದಲ್ಲಿ ತೆಗೆಯುವಾಗ ಅಡಿಯ ಹಾಳೆಯ ಬಣ್ಣ ಮಂಕಾಗುತ್ತದೆ. ಅದಕ್ಕೆಂದೇ ಅಡಿಯ ಹಾಳೆಗೆ ಬಣ್ಣವನ್ನು ಒಂದಿಷ್ಟು ತಿಳಿಯಾಗಿ ಕಲಸಿ, ಮೇಲಿನಿಂದ ಎಷ್ಟನೆಯ ಹಾಳೆಗೆಂದು ಸೀಸೆಯ ಮೇಲೆ ಅಂಕಿ ಬರೆದಿಡುತ್ತಿದ್ದರು. ಕಲಸುವವಳು ಇನೆಜ್, ವರ್ನಾಳ ಗೆಳತಿ.

ಪರೀಕ್ಷೆಯ ಕೊನೆಯ ವಾರ ವರ್ನಾಳಿಗೆ ಸಿಕ್ಕಿದ್ದು ಪೆಲಿಕನ್ ಹಕ್ಕಿಯ ನೀಲಿ ಟೋಪಿ. ಅರವತ್ತು ಹಾಳೆ ಮುಗಿಸಿ ಸೀಸೆಯನ್ನು ಹಲಗೆಗೆ ಇಡುವಾಗ ಅಂಕಿ ಕಣ್ಣಿಗೆ ಬಿತ್ತು: ಒಂದು. ಬೇಕಾಗಿದ್ದುದು ಮೂರು. ಪೆಲಿಕನ್‌ನ ಮೇಲೆ ಬೆಸ್ತನ ಹಾಳೆಯೂ ಅಲೆಯ ಹಾಳೆಯೂ ಬರಲಿದ್ದವು.

“ಯಾಕೇ, ದೆವ್ವ ಕಂಡವಳ ಥರ ನಿಂತೆ?” ಎಂದಳು ಇನೆಜ್.

“ತಪ್ಪು ಸೀಸೆ ಕಣೇ. ಅರವತ್ತು ಹಾಳೆ!”

“ಶ್, ಬಾಯಿ ಮುಚ್ಚು. ಇನ್ನು ನಾಲ್ಕೇ ದಿನ ನಿನ್ನ ಗೂಟಕ್ಕೆ. ಟೋಪಿ ಮಂಕಾದ್ರೆ ಕಲಸಿದವಳನ್ನ ಬೈತಾರೆ. ನನಗೇನು ಹೊಸದಾ?”

ವರ್ನಾಳಿಗೆ ಅದು ಒಪ್ಪಿಗೆಯಾಗಲಿಲ್ಲ. ನೇರವಾಗಿ ಮೇಲ್ವಿಚಾರಕಿ ಶ್ರೀಮತಿ ಹ್ಯಾಲೋರನ್ ಅವರ ಮುಂದೆ ಹೋಗಿ ನಿಂತು ನಡೆದದ್ದನ್ನು ಹೇಳಿದಳು.

“ಅರವತ್ತಾ? ಆರಲ್ಲ ತಾನೇ?”

“ಅರವತ್ತು, ಮೇಡಂ.”

“ಕಣ್ಣು ಕೆಲಸದ ಮೇಲಿತ್ತೋ, ಸ್ಯಾಂಡ್‌ವಿಚ್ ಮೇಲಿತ್ತೋ? ಹೋಗು, ತೆಗೆದು ಮತ್ತೆ ಹಾಕು. ನಿನ್ನ ಗೂಟದ ಮಾತು ಯಜಮಾನರಿಗೆ ಬಿಟ್ಟಿದ್ದು.”

ಅವಳು ನಲ್ಲಿಯ ಪಕ್ಕದ ಮೇಜಿನಲ್ಲಿ ಕುಳಿತು ಮರದ ಕಡ್ಡಿಯಿಂದ ಬಣ್ಣ ಕೆರೆಯತೊಡಗಿದಳು. ಮೊದಲನೆಯ ಗೂಟದ ಆ ಹಳೆಯ ಅಂಗಿ ತೊಟ್ಟ ಮುದುಕರೊಬ್ಬರು ಬಂದು ಎದುರಿಗೆ ಕುಳಿತರು. ವರ್ನಾ ಮುಖವೆತ್ತಿ ನೋಡಿದಳು. ಪತ್ರಿಕೆಗಳಲ್ಲಿ ಕಂಡಿದ್ದ ಮುಖ. ಸ್ಟುಡಿಯೋ ಕಟ್ಟಿದ ಆರ್ವಿಲ್ ಟ್ರಾಸ್ಕ್!

“ಕೆರೀಬೇಡಮ್ಮ, ಗೀರು ಬೀಳತ್ತೆ. ಉಸಿರು ಬಿಡು, ಹೀಗೆ.” ಅವರು ಹಾಳೆಯ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ಹತ್ತಿಯಿಂದ ಒರೆಸಿದರು. ಟೋಪಿ ಪೂರಾ ಬಿಟ್ಟುಬಂತು. “ನನ್ನ ಮೊದಲನೇ ಚಿತ್ರಕ್ಕೆ ನಾನು ಬಣ್ಣಾನ ಗೆರೆ ಮೇಲೇ ಬಳಿದಿದ್ದೆ. ನಾನೂರು ಹಾಳೆ! ಒಂದು ಮೂತೀನೂ ಕಾಣಲ್ಲ. ನನ್ನ ಹೆಂಡತಿ ಬಚ್ಚಲ ತೊಟ್ಟೀಲಿ ಹಾಕಿ ತೊಳೆದ್ಲು. ಗೆರೇನೂ ಹೊರಟುಹೋಯ್ತು.”

“ಅಯ್ಯೋ! ಆಮೇಲೆ, ಸರ್?”

“ಆಮೇಲೇನು, ಮತ್ತೆ ಬರೆದೆ. ವಾರಗಟ್ಟಲೆ ತೊಟ್ಟಿ ನೀಲಿಯಾಗೇ ಇತ್ತು. ಅವಳು ಮಾತೇ ಬಿಟ್ಟಿದ್ಲು. ಪತ್ರಿಕೆಯವರಿಗೆ ಹೇಳಿಬಿಟ್ಟೀಯ!” ನಗುತ್ತಲೇ ಇನ್ನೊಂದು ಹಾಳೆ ಎಳೆದುಕೊಂಡರು. “ಅದಿರಲಿ, ಯಾರೂ ನೋಡಿರಲಿಲ್ಲವಲ್ಲ. ಯಾಕೆ ಹೇಳಿದೆ?”

“ಇನೆಜ್ ಬೈಸಿಕೊಳ್ತಿದ್ಲು, ಸರ್.”

ಅವರು “ಹೂಂ” ಎಂದು ಎಳೆದುಕೊಂಡ ಹಾಳೆಯ ಮೇಲೆ ಉಸಿರು ಬಿಟ್ಟರು. ಊಟದ ಗಂಟೆ ಬಾರಿಸಿದಾಗ ಹಾಳೆಗಳೆಲ್ಲ ಶುಚಿಯಾಗಿದ್ದವು. ಗೂಟದ ವಿಷಯ ಅವರೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸಾಲಿನ ಕೊನೆಯಲ್ಲಿ ಹೊಸ ಗೂಟವೊಂದಿತ್ತು. ಅದರ ಮೇಲೆ ವರ್ನಾಳ ಹೆಸರನ್ನು ಪೆಲಿಕನ್ ಟೋಪಿಯ ನೀಲಿಯಲ್ಲೇ ಬರೆದಿದ್ದರು. ಇನ್ನೂ ಹಸಿಯಾಗಿತ್ತು.

“ನೋಡ್ತಾ ನಿಂತ್ರೆ ಅಂಗಿ ತಾನಾಗೇ ಹೋಗಿ ನೇತಾಡಲ್ಲ,” ಎಂದರು ಹಿಂದಿನಿಂದ ಶ್ರೀಮತಿ ಹ್ಯಾಲೋರನ್.

ಮುಂದೆ ಇಪ್ಪತ್ತೊಂಬತ್ತು ವರ್ಷ ವರ್ನಾಳ ಅಂಗಿ ಆ ಗೂಟದಲ್ಲೇ ತೂಗಿತು.